ಕಪಾಟಿನಲ್ಲಿದ್ದ ಲೇಖನ

ಬಸವನ ಬಾಗೇವಾಡಿಯ ಒಂದು ನರ್ಸಿಂಗ್ ಕಾಲೇಜಿನಲ್ಲಿ ನಾನು ಲೈಬ್ರರಿಯನ್. ಕೊನೆಯ ವರ್ಷದ ಹುಡುಗಿಯರಿಗೆ ವಾರಕ್ಕೊಂದು ತಾಸು ನನ್ನ ಪಾಠ. ಪ್ರಾಜೆಕ್ಟಿಗೆ ಬೇಕಾದ ವೈದ್ಯಕೀಯ ಲೇಖನಗಳನ್ನು ಹುಡುಕುವುದು, ಓದುವುದು, ಯಾವುದನ್ನು ಎಲ್ಲಿಂದ ತೆಗೆದುಕೊಂಡರೆಂದು ಕೊನೆಯಲ್ಲಿ ಪಟ್ಟಿ ಬರೆಯುವುದು, ಇಷ್ಟನ್ನು ಕಲಿಸಬೇಕು. ಹುಡುಗಿಯರು ನನಗೆ ಹೆದರುತ್ತಿದ್ದರು. ಅದು ನನಗೆ ಇಷ್ಟವಾಗಿತ್ತು.

ನಮ್ಮಲ್ಲಿ ನಡೆದುಬಂದ ರೂಢಿಯೇ ಬೇರೆ. ಹಿಂದಿನ ವರ್ಷದವರ ಬೈಂಡ್ ಮಾಡಿಸಿದ ಪ್ರಾಜೆಕ್ಟ್ ಇಸಿದುಕೊಳ್ಳುವುದು, ಊರಿನ ಹೆಸರು ಯಂಕಂಚಿ ಎಂದಿದ್ದಲ್ಲಿ ಗೊಳಸಂಗಿ ಎಂದು ತಿದ್ದುವುದು, ಝೆರಾಕ್ಸ್ ಅಂಗಡಿಗೆ ಕೊಡುವುದು. ಒಬ್ಬಳು ಊರಿನ ಹೆಸರನ್ನೆಲ್ಲ ಮುದ್ದೇಬಿಹಾಳ ಎಂದು ತಿದ್ದಿ, ನಕಾಶೆ ಮಾತ್ರ ಇಂಡಿ ತಾಲೂಕಿನದೇ ಬಿಟ್ಟಿದ್ದಳು. ಅವಳ ಫೈಲನ್ನು ವರಾಂಡಕ್ಕೆ ಎಸೆದೆ. ಅವಳು ಬಗ್ಗಿ ಹಾಳೆ ಆರಿಸಿಕೊಳ್ಳುವುದನ್ನು ಕೈಕಟ್ಟಿ ನಿಂತು ನೋಡಿದೆ.

ಅಂಥವರನ್ನು ಹಿಡಿಯಲು ನಾನೊಂದು ಪದ್ಧತಿ ಮಾಡಿಕೊಂಡಿದ್ದೆ. ಅವರ ಪಟ್ಟಿಯಲ್ಲಿ ಯಾವುದಾದರೊಂದು ಲೇಖನದ ಮೇಲೆ ಬೆರಳಿಡುತ್ತಿದ್ದೆ. ಎಲ್ಲರೆದುರು ಅದನ್ನು ಕಂಪ್ಯೂಟರಿನಲ್ಲಿ ಹುಡುಕಿ ತೋರಿಸಬೇಕು. ಸಿಗದಿದ್ದರೆ ಅವಳು ಕಳ್ಳಿ. ಯಾರ ಬೇಳೆಯೂ ನನ್ನ ಮುಂದೆ ಬೇಯುತ್ತಿರಲಿಲ್ಲ.

ಆ ವರ್ಷ ಮಸೂತಿ ಎಂಬ ಊರಿನ ಹುಡುಗಿಯೊಬ್ಬಳಿದ್ದಳು. ಹಿಂದಿನ ಬೆಂಚು, ಕೇಳಿದರಷ್ಟೇ ಮಾತು. ಹೊಕ್ಕಳಲ್ಲಿ ಕೀವಾಗಿ ಅವಳ ಅಕ್ಕನ ಕೂಸು ತೀರಿಕೊಂಡಿತ್ತು. ಅದಕ್ಕೇ ಅವಳು, ಊರಿನ ಬಾಣಂತಿಯರು ಕೂಸಿನ ಹೊಕ್ಕಳಿಗೆ ಏನೇನು ಹಚ್ಚುತ್ತಾರೆಂದು ಮನೆಮನೆಗೆ ಹೋಗಿ ಕೇಳಿ ಬರೆದುಕೊಂಡು ಬಂದಿದ್ದಳು. ಬಹಳ ಹಿಂದೆ ವೈದ್ಯರೊಬ್ಬರು ನಮ್ಮ ಸೀಮೆಯಲ್ಲೇ ಇದನ್ನೇ ಕೇಳಿ ಲೇಖನ ಬರೆದಿದ್ದರಂತೆ. ಆಗ ಹೇಗಿತ್ತು, ಈಗ ಹೇಗಿದೆ ಎಂದು ಹೋಲಿಸುವುದೇ ಅವಳ ಪ್ರಾಜೆಕ್ಟ್. ನಾನು ಬೆರಳಿಟ್ಟದ್ದು ಆ ಲೇಖನದ ಮೇಲೆ.

ಮೂರು ಸಲ ಹುಡುಕಿದಳು. ಸಿಗಲಿಲ್ಲ.

“ಐತ್ರಿ ಮೇಡಂ. ನಮ್ಮ ಲೈಬ್ರರ್ಯಾಗ ಓದೇನ್ರಿ. ಆ ಕಬ್ಬಿಣದ ಕಪಾಟಿನ್ಯಾಗ ಇತ್ರಿ.”

“ಹೋಗು, ತಗದು ತೋರ್ಸು.”

ಅವಳು ಕಪಾಟು ತೆರೆದಳು. ಒಳಗೆ ವೈರುಗಳು, ಕಂಪ್ಯೂಟರಿನ ಖಾಲಿ ಡಬ್ಬಗಳು. ಕ್ಲಾಸು ನಕ್ಕಿತು, ನಾನೂ ನಕ್ಕೆ. ಅವಳು ತನ್ನ ನೋಟುಬುಕ್ಕು ತಂದು ಮುಂದೆ ಹಿಡಿದಳು. ಪತ್ರಿಕೆಯ ಹೆಸರು, ಸಂಪುಟ, ಪುಟ, ಇಡೀ ಲೇಖನ, ಎಲ್ಲವೂ ದುಂಡು ಅಕ್ಷರದಲ್ಲಿ ಇತ್ತು.

“ಕೈಲೆ ಬರದದ್ದು ಪುರಾವೆ ಏನಽ? ಸತ್ತ ಕೂಸಿನ ಹೆಸರ ಹೇಳಿ ಮಾರ್ಕ್ಸ್ ಬೇಡಾಕ ನಾಚಿಕಿ ಬರಂಗಿಲ್ಲ?” ಎಂದೆ.

ಯಾರೂ ನಗಲಿಲ್ಲ. ಅವಳು ಅಳಲಿಲ್ಲ. ಅತ್ತಿದ್ದರೆ ಅಲ್ಲಿಗೇ ಬಿಡುತ್ತಿದ್ದೆನೋ ಏನೋ, ಅಳದೆ ನಿಂತದ್ದು ನೋಡಿ ಇನ್ನಷ್ಟು ಮೈ ಉರಿಯಿತು. ಮೂರು ದಿನದಲ್ಲಿ ಬೇರೆ ಪ್ರಾಜೆಕ್ಟ್ ತರದಿದ್ದರೆ ಸಹಿ ಹಾಕುವುದಿಲ್ಲ, ಸಹಿ ಇಲ್ಲದೆ ಪರೀಕ್ಷೆಗೆ ಕೂಡುವಂತಿಲ್ಲ ಎಂದು ಹೇಳಿ ಕಳಿಸಿದೆ.

ಮರುದಿನ ಮಧ್ಯಾಹ್ನ ಲೈಬ್ರರಿಯ ದಾಖಲೆ ರಿಜಿಸ್ಟರ್ ತೆಗೆದು ಕುಳಿತಿದ್ದೆ. ಹಿಂದಿನ ತಿಂಗಳು ತಪಾಸಣೆಯವರು ಬರುತ್ತಾರೆಂದು ಜಾಗ ಮಾಡಲು ಕಪಾಟಿನಲ್ಲಿದ್ದ ಹಳೆಯ ವೈದ್ಯಕೀಯ ಪತ್ರಿಕೆಗಳನ್ನೆಲ್ಲ ರದ್ದಿಗೆ ಹಾಕಿಸಿದ್ದೆ. ಹಾಕಿದ್ದನ್ನು ರಿಜಿಸ್ಟರಿನಲ್ಲಿ ಒಂದೊಂದಾಗಿ ಕೆಂಪು ಗೆರೆ ಎಳೆದು ತೆಗೆದುಹಾಕಬೇಕು, ಅರ್ಧ ಆಗಲೇ ಮುಗಿಸಿದ್ದೆ. ಪುಟ ತಿರುವುವಾಗ ಆ ಪತ್ರಿಕೆಯ ಹೆಸರು ಕಂಡಿತು. ಅದೇ ಸಂಪುಟ. ಕೆಂಪು ಗೆರೆ ನನ್ನದು, ಪಕ್ಕದ ಸಹಿಯೂ ನನ್ನದು. ಅದು ಕಂಪ್ಯೂಟರು ಬರುವ ಮೊದಲಿನ ಪತ್ರಿಕೆ, ಅಲ್ಲಿ ಹುಡುಕಿದರೆ ಹೇಗೆ ಸಿಕ್ಕೀತು? ಇಷ್ಟು ವರ್ಷ ಹುಡುಕುವುದನ್ನು ಕಲಿಸಿದ ನನಗೆ ಅಷ್ಟೂ ಹೊಳೆದಿರಲಿಲ್ಲ.

ಹಾಸ್ಟೆಲು ಅಂಗಳದ ಆಚೆಗೇ ಇತ್ತು. ಹೋಗಿ ಹೇಳಲು ಎರಡು ನಿಮಿಷ ಸಾಕಾಗಿತ್ತು. ಹೇಳಿದರೆ ನಾಳೆಯಿಂದ ನನಗೆ ಯಾರು ಹೆದರುತ್ತಾರೆ ಅನ್ನಿಸಿತು. ರಿಜಿಸ್ಟರ್ ಮುಚ್ಚಿ ಡಬ್ಬಿ ಬಿಚ್ಚಿ ಊಟ ಮಾಡಿದೆ. ರೊಟ್ಟಿ ಸರಿಯಾಗಿಯೇ ಇಳಿಯಿತು, ಸುಳ್ಳೇಕೆ ಹೇಳಲಿ.

ಮೂರನೆಯ ದಿನ ಅವಳು ಹೊಸ ಪ್ರಾಜೆಕ್ಟ್ ತಂದಳು. ಶಾಲೆಯ ಮಕ್ಕಳು ಕೈ ತೊಳೆಯುವ ಬಗ್ಗೆ. ಹಿಂದಿನ ವರ್ಷ ಸಿಂದಗಿ ಕಡೆಯ ಹುಡುಗಿಯೊಬ್ಬಳು ಕೊಟ್ಟದ್ದೇ ಅದು, ನೋಡಿದ ಕೂಡಲೇ ಗೊತ್ತಾಯಿತು. ಆದರೂ ಪಟ್ಟಿಯ ಮೇಲೆ ಬೆರಳಿಟ್ಟೆ. ಅವಳು ಒಂದೇ ಸಲಕ್ಕೆ ಹುಡುಕಿ ತೋರಿಸಿದಳು. ಇನ್ನೊಂದಕ್ಕೆ ಇಟ್ಟೆ. ಅದೂ ಸಿಕ್ಕಿತು.

“ಈಗ ಕಲ್ತಿ ನೋಡು,” ಎಂದೆ.

“ಹೌದ್ರಿ ಮೇಡಂ. ನೀವಽ ಕಲಿಸಿದ್ರಿ.”

ಸಹಿಗೆಂದು ಕೊನೆಯ ಪುಟ ತೆರೆದೆ. ಅಲ್ಲಿ ಒಂದು ಕಡೆ ಊರಿನ ಹೆಸರು ಯಂಕಂಚಿ ಎಂದೇ ಉಳಿದಿತ್ತು. ಅವಳು ನನ್ನನ್ನೇ ನೋಡುತ್ತ ನಿಂತಿದ್ದಳು. ನಾನು ಕೆಂಪು ಪೆನ್ನು ತೆಗೆದು ಅದರ ಮೇಲೆ ಗೆರೆ ಎಳೆದೆ, ನನ್ನ ಕೈಯಿಂದಲೇ ಮಸೂತಿ ಎಂದು ಬರೆದೆ, ಕೆಳಗೆ ಸಹಿ ಹಾಕಿದೆ.