ಅರ್ಧ ಕ್ಯಾನಿನ ಬೂಬ

ನನ್ನ ತಮ್ಮ ಬೂಬನಿಗೆ ಎರ್ಮಾಳಿನಲ್ಲಿ ಇನ್ನೊಂದು ಹೆಸರು ಉಂಟು, ಅರ್ಧ ಕ್ಯಾನಿನ ಬೂಬ. ನಾಡದೋಣಿಯ ಹಿಂದೆ ಕಟ್ಟುವ ಔಟ್‌ಬೋರ್ಡ್ ಇಂಜಿನ್ ಬಂದ ಕಾಲದಿಂದ ಅವ ಸೀಮೆಎಣ್ಣೆ ಕ್ಯಾನು ತುಂಬಿಸಿ ಕಡಲಿಗೆ ಹೋದದ್ದನ್ನು ನಾನು ನೋಡಲಿಲ್ಲ. ಎಂತಕ್ಕೆ ಮಾರಾಯ ಅಂತ ಕೇಳಿದರೆ, "ಭಾರ ಎಂತಕ್ಕೆ ಅಕ್ಕ? ಕಡಲಲ್ಲಿ ಜನ ಇಲ್ವಾ?" ಅನ್ನುವವ.

ಜನ ಇದ್ದರು, ಸುಳ್ಳಲ್ಲ. ನಮ್ಮಲ್ಲಿ ಕಡಲಿನ ಮೇಲೆ ಎಣ್ಣೆ ಮುಗಿದವ ಕೈ ಎತ್ತಿದರೆ, ದಡದಲ್ಲಿ ಎಷ್ಟೇ ಜಗಳ ಇರಲಿ, ಹತ್ತಿರದ ದೋಣಿಯವ ತನ್ನ ಕ್ಯಾನಿನಿಂದ ಸುರಿದು ಕೊಡಬೇಕು. ಕೊಟ್ಟದ್ದನ್ನು ದಡಕ್ಕೆ ಬಂದು ಕೇಳುವ ಕ್ರಮ ಇಲ್ಲ. ಬೂಬ ಈ ಕ್ರಮವನ್ನು ನಂಬಿಯೇ ಬದುಕಿದವ. ಅವನೂ ಕೊಡುತ್ತಿದ್ದ, ಅದನ್ನೂ ಹೇಳಬೇಕು. ಇದ್ದ ಅರ್ಧದಲ್ಲಿ ಅರ್ಧ ಕೊಟ್ಟು, ಕೊನೆಗೆ ಹುಟ್ಟು ಹಾಕುತ್ತಾ ಬಂದು ಕೈಯೆಲ್ಲ ಬೊಬ್ಬೆ ಎಬ್ಬಿಸಿಕೊಂಡದ್ದು ಉಂಟು. ಆ ಕೈಗೆ ತೆಂಗಿನೆಣ್ಣೆ ಹಚ್ಚುವಾಗ ನಾನು ಬೈದದ್ದೂ ಉಂಟು.

ಅವ ಮದುವೆ ಆಗಲಿಲ್ಲ. ನನ್ನೊಟ್ಟಿಗೇ ಇರುವುದು. ನಮ್ಮ ಮನೆಯಲ್ಲಿ ಎಲ್ಲ ತಾಯಿಯಿಂದ ಮಗಳಿಗೆ ಬಂದದ್ದು, ಹಾಗಾಗಿ ಮನೆ ನನ್ನದು, ದೋಣಿ ನನ್ನದು, ಕಡಲು ಮಾತ್ರ ಅವನದ್ದು. ನನ್ನ ಮಗ ಲಕ್ಷಿತ್ ಅವನ ಜೊತೆ ಬಲೆಗೆ ಹೋಗುತ್ತಾನೆ. ನಾನು ಬುಟ್ಟಿ ಹಿಡಿದು ಬಸ್ಸಿನಲ್ಲಿ ಪರ್ಕಳಕ್ಕೆ ಹೋಗಿ ಮೀನು ಮಾರುತ್ತೇನೆ.

ಸರಕಾರ ಸೀಮೆಎಣ್ಣೆಯನ್ನು ವರ್ಷ ವರ್ಷ ಕಡಿಮೆ ಮಾಡುತ್ತಾ ಬಂತು. ಹೊಗೆ ಬೇಡ ಅಂತ ದೆಹಲಿಯಲ್ಲಿ ತೀರ್ಮಾನ ಆದರೆ ಎರ್ಮಾಳಿನಲ್ಲಿ ದೋಣಿ ಮರಳಿನಲ್ಲಿ ಕೂರುತ್ತದೆ. ಪೆಟ್ರೋಲ್ ಹಾಕಿ ಹೋಗುವ ಅಂದರೆ ಮೂಗಿಗಿಂತ ಮೂಗುತಿ ಭಾರ. ಆಗ ಒಂದು ಸಂಸ್ಥೆಯವರು ಬಂದರು. ಅವರ ಕಡೆಯಿಂದ ಬಂದವ ರೊಸಾರಿಯೊ, ಕಾಪುವಿನ ಹುಡುಗ, ಒಳ್ಳೆಯ ಮಾತಿನವ. ಬ್ಯಾಟರಿಯಲ್ಲಿ ನಡೆಯುವ ಔಟ್‌ಬೋರ್ಡ್ ಒಂದನ್ನು ಪರೀಕ್ಷೆಗೆ ಕೊಡುತ್ತೇವೆ, ಚಾರ್ಜ್ ಮಾಡಲಿಕ್ಕೆ ಮೀನುಗಾರರ ಸೊಸೈಟಿಯ ಮಾಡಿನ ಮೇಲೆ ಸೋಲಾರ್ ಹಾಕುತ್ತೇವೆ, ಬಿಸಿಲು ಸಾಲದಿದ್ದರೆ ಮೆಸ್ಕಾಂ ಕರೆಂಟು ಉಂಟು ಅಂದ.

ಸೊಸೈಟಿಯಲ್ಲಿ ಯಾರೂ ಮುಂದೆ ಬರಲಿಲ್ಲ. ನಮ್ಮ ಬೂಬ ಕೈ ಎತ್ತಿದ. ನನಗೆ ಮೈ ಉರಿಯಿತು. ಒಂದು ಮಾತು ನನ್ನನ್ನು ಕೇಳಬಾರದಾ? ತಾರಾನಾಥ ಎದ್ದು ನಿಂತು, "ಕಡಲಿಗೆ ಕರೆಂಟು ಹೊತ್ತುಕೊಂಡು ಹೋಗುವವನಿಗೆ ಎಣ್ಣೆ ಕೊಡುವವರು ಯಾರು?" ಅಂತ ನಕ್ಕ. ತಾರಾನಾಥ ಚಿಕ್ಕಂದಿನಿಂದ ಬೂಬನ ಜೊತೆ ಬಲೆ ಎಳೆದವ. ಎಲ್ಲರೂ ನಕ್ಕರು. ಬೂಬ ಅಂದಿನಿಂದ ತಾರಾನಾಥನ ಹತ್ತಿರ ಮಾತು ಬಿಟ್ಟ. ತಮಾಷೆಗೆ ಅಂದದ್ದೇ ಆದರೂ ಅದರಲ್ಲಿ ಸತ್ಯ ಇತ್ತು, ನಮಗ್ಯಾರಿಗೂ ಅದು ತಲೆಗೆ ಹೋಗಲಿಲ್ಲ.

ಮೊದಲು ಎಲ್ಲ ಚಂದವೇ ಇತ್ತು. ಹೊಗೆ ಇಲ್ಲ, ಸದ್ದು ಇಲ್ಲ. ಬೂಬ ಮನೆಗೆ ಬಂದರೆ ಅವನ ಬನಿಯನ್ನಿನಲ್ಲಿ ಸೀಮೆಎಣ್ಣೆ ವಾಸನೆ ಇರುತ್ತಿರಲಿಲ್ಲ. "ಮದುಮಗನ ಹಾಗೆ ಆದಿಯಲ್ಲ" ಅಂತ ನಾನೇ ತಮಾಷೆ ಮಾಡಿದೆ.

ಮಳೆಗಾಲ ಬಂತು. ಟ್ರಾಲ್ ಬೋಟುಗಳಿಗೆ ನಿಷೇಧ ಇರುವ ತಿಂಗಳು, ನಾಡದೋಣಿಗೆ ಅದೇ ಹಬ್ಬ. ಮೋಡ ಬಿಡಲಿಲ್ಲ, ಸೋಲಾರ್ ಸುಮ್ಮನೆ ಮಳೆಯಲ್ಲಿ ನೆನೆಯಿತು. ಗಾಳಿಗೆ ಕಂಬ ಬಿದ್ದು ಕರೆಂಟೂ ಹೋಯಿತು. ಬೆಳಿಗ್ಗೆ ನೋಡಿದರೆ ಬ್ಯಾಟರಿ ಅರ್ಧಕ್ಕೆ ನಿಂತಿದೆ. ಅರ್ಧದಲ್ಲಿ ಹೋಗಬೇಡಿ ಅಂತ ರೊಸಾರಿಯೊ ಒತ್ತಿ ಒತ್ತಿ ಹೇಳಿದ್ದ. ಆದರೆ ಬೂತಾಯಿ ಮೀನು ಎದ್ದಿದೆ ಅಂತ ಸುದ್ದಿ ಬಂದಿತ್ತು, ಎಲ್ಲ ದೋಣಿ ಇಳಿಯುತ್ತಿತ್ತು. "ಅರ್ಧ ಉಂಟಲ್ಲ, ಸಾಕು" ಅಂದ ಬೂಬ. ಹುಟ್ಟುಗುಣ ಘಟ್ಟ ಹತ್ತಿದರೂ ಬಿಡುವುದಿಲ್ಲ. ನಾನೂ ಸುಮ್ಮನೆ ಹಿಂದಿನ ದಿನದ ಮೀನಿನ ಬುಟ್ಟಿ ಎತ್ತಿಕೊಂಡು ಬಸ್ಸು ಹತ್ತಿದೆ.

ಪರ್ಕಳದಲ್ಲಿ ಮೀನು ಅರ್ಧ ಖಾಲಿ ಆಗಿತ್ತು. ಲಕ್ಷಿತನ ಫೋನು ಬಂತು. ಗಾಳಿಯ ಸದ್ದಿನಲ್ಲಿ ಅವನ ಸ್ವರವೇ ಬೇರೆ ಆಗಿತ್ತು. "ಅಮ್ಮ, ಬ್ಯಾಟರಿ ಸತ್ತಿತು. ಮೀನಿನ ಹಿಂದೆ ಓಡಿಸಿದೆವು. ಲಂಗರು ಹಾಕಿದ್ದೇವೆ, ಅದೂ ಜಾರುತ್ತಾ ಉಂಟು. ಕಾಪು ದೀಪಸ್ತಂಭದ ಕಡೆ ಹೋಗ್ತಾ ಇದ್ದೇವೆ."

ದೀಪಸ್ತಂಭದ ಸುತ್ತ ಬಂಡೆ. ಮಳೆಗಾಲದ ತೆರೆ ಅಲ್ಲಿಗೆ ದೋಣಿಯನ್ನು ಹೊತ್ತು ತಂದರೆ ಹಲಗೆಯೂ ಸಿಗುವುದಿಲ್ಲ. ಕಣ್ಣೆದುರು ಇದ್ದದ್ದು ಒಬ್ಬನೇ ತಮ್ಮ, ಒಬ್ಬನೇ ಮಗ. ಒಂದೇ ದೋಣಿಯಲ್ಲಿ ಇಬ್ಬರನ್ನೂ ಕಳಿಸಿದ ನನ್ನ ಬುದ್ಧಿಗೆ ಎಂತ ಹೇಳುವುದು?

ಬುಟ್ಟಿ ಅಲ್ಲಿಯೇ ಬಿಟ್ಟು ರಿಕ್ಷಾ ಹತ್ತಿದೆ. "ಯಾರನ್ನಾದರೂ ಕರೆದಿರಾ?" ಅಂತ ಫೋನಿನಲ್ಲೇ ಕೇಳಿದೆ.

"ಹತ್ತಿರ ಇರುವುದು ತಾರಾನಾಥಣ್ಣನ ದೋಣಿ ಒಂದೇ. ಮಾವ ಕೈ ಎತ್ತುವುದಿಲ್ಲ ಅಂತಾರೆ. ಎಣ್ಣೆ ಆದರೆ ಕೇಳಬಹುದು, ಇದಕ್ಕೆ ಎಂತ ಅಂತ ಕೇಳುವುದು ಅಂತಾರೆ."

ಅವನ ಬಿಗುಮಾನಕ್ಕೆ ಬೆಂಕಿ ಬೀಳಲಿ. ನಾನೇ ತಾರಾನಾಥನಿಗೆ ಫೋನು ಮಾಡಿದೆ. ಮೊದಲು ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಿದ. ಅವನ ಬಲೆ ನೀರಿನಲ್ಲಿ ಇತ್ತು, ಬಲೆ ತುಂಬ ಬೂತಾಯಿ, ಎಳೆಯಲಿಕ್ಕೆ ಸುರು ಮಾಡಿದ್ದ. ಎಣ್ಣೆಯಾದರೆ ಕ್ಯಾನು ದಾಟಿಸಿ ವಾಪಸು ಬಲೆಗೆ ಬರಬಹುದಿತ್ತು. ಇದು ಹಗ್ಗ ಕಟ್ಟಿ ಎಳೆಯುವ ಕೆಲಸ. ಅಂದರೆ ಬಲೆ ಕಡಿದು ಬಿಡಬೇಕು, ಮೀನೂ ಹೋಯಿತು, ಬಲೆಯೂ ಹೋಯಿತು. ಇದನ್ನೆಲ್ಲ ತಿಳಿದೇ ನಾನು ಕೇಳಿದ್ದು.

"ಅಮ್ಮಣ್ಣಿಯಕ್ಕ, ಫೋನು ಇಡಿ. ನನಗೆ ಎರಡೂ ಕೈ ಬೇಕು" ಅಂದ.

ನಾನು ಕಾಪು ಕಡಲ ಕರೆಗೆ ಓಡಿ ಬಂದಾಗ ಎರಡೂ ದೋಣಿ ಕಾಣುತ್ತಿತ್ತು. ತಾರಾನಾಥ ಹಗ್ಗ ಹಾಕಿ ಎಳೆಯಲಿಕ್ಕೆ ನೋಡಿದ್ದ. ಆಗಲಿಲ್ಲ. ತೆರೆ ಬಂದಾಗ ಎರಡೂ ದೋಣಿ ಒಂದಕ್ಕೊಂದು ಗುದ್ದುತ್ತಿತ್ತು, ಹೀಗೇ ಎಳೆದರೆ ಇಬ್ಬರೂ ಮುಳುಗುವುದೇ. ದೋಣಿ ಬಿಟ್ಟು ಹಾರಿ ಅಂತ ತಾರಾನಾಥ ಕೂಗಿದನಂತೆ. ಲಕ್ಷಿತ್ ತಾರಾನಾಥನ ದೋಣಿಗೆ ಹಾರಿದ. ಬೂಬ ಹಾರಲಿಲ್ಲ. ಇಂಜಿನಿನ ಮೇಲೆ ಕೈ ಇಟ್ಟು ಕೂತೇ ಇದ್ದ. ಬಂಡೆಯ ಮೇಲೆ ನೊರೆ ಏಳುವುದು ನನಗೆ ಕಾಣುತ್ತಿತ್ತು.

ಲಕ್ಷಿತ್ ಫೋನು ಮಾಡಿ, ಸ್ಪೀಕರಿಗೆ ಹಾಕಿ, ಬೂಬನ ಕಡೆ ಹಿಡಿದ.

"ಹಾರು ಬೂಬ" ಅಂದೆ.

"ಅಕ್ಕ, ಈ ಇಂಜಿನ್ ಮುಳುಗಿದರೆ ಈ ಕಡಲ ಕರೆಯಲ್ಲಿ ಇನ್ನು ಯಾರೂ ಇದನ್ನು ಮುಟ್ಟುವುದಿಲ್ಲ. ಸರಕಾರದ ಎಣ್ಣೆ ನಿಲ್ಲುವುದು ಗ್ಯಾರಂಟಿ. ಮತ್ತೆ ನಮ್ಮವರು ಎಂತ ಮಾಡುವುದು?"

"ಕರೆಯ ಚಿಂತೆ ನಿನಗೆ ಬೇಡ. ದೋಣಿ ಯಾರದ್ದು?"

ಅವ ಇಂಜಿನಿನ ಮೇಲಿನ ಕೈ ತೆಗೆಯಲಿಲ್ಲ.

"ಅಮ್ಮನ ದೋಣಿ, ಈಗ ನನ್ನದು. ನಾನು ಬಿಟ್ಟೆ. ಬಿಟ್ಟ ದೋಣಿಯಲ್ಲಿ ನೀನು ಕೂರಬಾರದು. ಹಾರು."

ನನ್ನ ಸ್ವರ ನನಗೇ ಅಮ್ಮನ ಸ್ವರದ ಹಾಗೆ ಕೇಳಿತು. ಬೂಬ ಎದ್ದ. ಹಾರಿದ. ನೀರಿಗೆ ಬಿದ್ದ. ತಾರಾನಾಥ ಅವನ ಬನಿಯನ್ ಹಿಡಿದು ಮೇಲಕ್ಕೆ ಎಳೆದ. ಅದು ನಾನು ಕಣ್ಣಾರೆ ನೋಡಿದ್ದು. ಹಗ್ಗ ಕಡಿದರು. ಅಮ್ಮನ ದೋಣಿ ಬಂಡೆಗೆ ಹೋಗಿ ಒಡೆಯಿತು, ಆ ಸದ್ದು ಗಾಳಿಯಲ್ಲೂ ಕೇಳಿತು. ನಾನು ಮರಳಿನಲ್ಲಿ ಕೂತು ಅತ್ತೆ.

ಕೆಲವು ದಿನ ಕಳೆದು ಸೊಸೈಟಿಯಲ್ಲಿ ಸಭೆ ಆಯಿತು. ಕರೆಂಟಿನ ಇಂಜಿನ್ ಜೀವ ತೆಗೆಯುತ್ತದೆ ಅಂತ ಊರೆಲ್ಲ ಮಾತು. ರೊಸಾರಿಯೊ ತಲೆ ತಗ್ಗಿಸಿ ಕೂತಿದ್ದ. ಬೂಬ ಸುಮ್ಮನೆ ಇದ್ದಿದ್ದರೆ ಬೂಬನ ಹೆಸರು ಕೆಡುತ್ತಿರಲಿಲ್ಲ. ಅವ ಎದ್ದು ನಿಂತ.

"ತಪ್ಪು ಇಂಜಿನಿನದ್ದಲ್ಲ" ಅಂದ. "ಅರ್ಧದಲ್ಲಿ ಹೋದದ್ದು ನಾನು. ಎಣ್ಣೆಯ ಕಾಲದ ಅಭ್ಯಾಸ. ಯಾರಾದರೂ ಸುರಿದು ಕೊಡುತ್ತಾರೆ ಅಂತ ಮನಸ್ಸಿನಲ್ಲಿ ಇತ್ತು. ಇದನ್ನು ಸುರಿಯಲಿಕ್ಕೆ ಆಗುವುದಿಲ್ಲ. ಇದನ್ನು ಇಟ್ಟುಕೊಂಡವ ತುಂಬಿಸಿಯೇ ಹೋಗಬೇಕು, ಒಬ್ಬನೇ ಹೋಗಬಾರದು, ಎರಡು ದೋಣಿ ಕಣ್ಣಳತೆಯಲ್ಲಿ ಇರಬೇಕು. ಇದಕ್ಕೆ ಬೇರೆ ಕ್ರಮ ಬೇಕು." ಹೇಳುವಾಗ ಅವನ ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು. ನನ್ನ ತಮ್ಮ ಇಷ್ಟು ಜನರ ಎದುರು ಸಣ್ಣವನಾಗಿ ನಿಂತದ್ದನ್ನು ನಾನು ಅದೇ ಮೊದಲು ನೋಡಿದ್ದು. ನನಗೆ ಸಂಕಟವೂ ಆಯಿತು, ಹೆಮ್ಮೆಯೂ ಆಯಿತು.

ತಾರಾನಾಥ ಕೂತಲ್ಲಿಂದಲೇ ಹೇಳಿದ: "ಇನ್ನೊಂದು ಇಂಜಿನ್ ಕೊಡುವುದಾದರೆ ನನ್ನ ದೋಣಿಗೆ ಕಟ್ಟಿ. ಆದರೆ ಅದನ್ನು ನಡೆಸಲಿಕ್ಕೆ ಬೂಬ ಬೇಕು. ಅದು ಎಲ್ಲಿ ಸಾಯುತ್ತದೆ ಅಂತ ಗೊತ್ತಿರುವವ ಅವ ಒಬ್ಬನೇ."

ಬೂಬ ನನ್ನ ಮುಖ ನೋಡಿದ. ಸಭೆಯೂ ನೋಡಿತು. ಮನೆಯ ಗಂಡಸು ಬೇರೆಯವರ ದೋಣಿ ಹತ್ತಬೇಕಾದರೆ ಮನೆಯ ಹೆಂಗಸಿನ ಬಾಯಿಯಿಂದ ಮಾತು ಬರಬೇಕು. ಬೇಡ ಅನ್ನಲಿಕ್ಕೆ ನನ್ನ ಬಾಯಿ ತೆರೆದಿತ್ತು. ಬೇಡ ಅಂದಿದ್ದರೆ ಅವ ಕೇಳುತ್ತಿದ್ದ, ಕೇಳಿ ಮನೆಯ ಜಗಲಿಯಲ್ಲಿ ಕೂರುತ್ತಿದ್ದ, ಜೀವಂತ ಇರುತ್ತಿದ್ದ. ಅವನ ಕಣ್ಣು ನೋಡಿದೆ.

"ಹೋಗು" ಅಂದೆ. ಅವ ಈಗ ದಿನಾ ಹೋಗುತ್ತಾನೆ. ನನಗೆ ದಿನಾ ಹೆದರಿಕೆ ಆಗುತ್ತದೆ.