ಎರವಲಣ್ಣನ ಚಡಪಡಿಕೆ

ಬೇರೆ ವಿಶ್ವವಿದ್ಯಾಲಯಗಳ ಜೊತೆ ಪುಸ್ತಕ ಕೊಟ್ಟು ತರುವ ಕೆಲಸ ನೋಡಿಕೊಳ್ಳುವ ಗ್ರಂಥಪಾಲಕರನ್ನು ಹುಡುಗರು ಎರವಲಣ್ಣ ಅಂತಲೇ ಕರೆಯುತ್ತಾರೆ. ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತದ್ದನ್ನು ಕಂಡವರಿಲ್ಲ. ಇಲ್ಲಿನ ಪುಸ್ತಕ ಹೊರಗೆ ಹೋದರೆ ಅದು ಮುಟ್ಟುವ ತನಕ ಅನ್ನ ಸೇರದು. ಹೊರಗಿನದು ಇಲ್ಲಿಗೆ ಬಂದರೆ ಅದು ವಾಪಸು ಹೋಗುವ ತನಕ ನಿದ್ದೆ ಬಾರದು. "ಒಂದೇ ಒಂದು ತಡವಾದ್ರೂ ಅವರು ಕೊಡೋದನ್ನೇ ನಿಲ್ಲಿಸಿಬಿಡ್ತಾರೆ ಕಣ್ರಯ್ಯಾ, ಆಮೇಲೆ ನನ್ನ ತಲೆ ಓದ್ಕೊಳ್ಳಿ!" ಎನ್ನುತ್ತಾ ಹಾಸ್ಟೆಲ್ಲು, ಕ್ಯಾಂಟೀನು, ಬಸ್ ನಿಲ್ದಾಣ ಎಲ್ಲೆಂದರಲ್ಲಿ ಓದುಗರ ಬೆನ್ನು ಹತ್ತುತ್ತಾರೆ. ಮೊನ್ನೆ ಹೊರಗಿನಿಂದ ತರಿಸಿದ ಪುಸ್ತಕವೊಂದರ ಗಡುವು ಮುಗಿಯುತ್ತಾ ಬಂತೆಂದು ಹಾಗೇ ಆಸ್ಪತ್ರೆಗೂ ಹೋದರು. ಕಾಯಿಲೆ ಬಿದ್ದ ಸಂಶೋಧಕಿ ಒಂದು ಕೈಗೆ ಸೂಜಿ ಚುಚ್ಚಿಸಿಕೊಂಡು, ಇನ್ನೊಂದರಿಂದ ಆ ಪುಸ್ತಕದ ಹಾಳೆ ತಿರುವುತ್ತಿದ್ದಳು. "ಸುಮ್ನೆ ನೋಡ್ಕೊಂಡು ಹೋಗೋಣ ಅಂತ ಬಂದೆ ತಾಯಿ" ಎಂದವರು ಹೊರಗೆ ಬಂದು, ಪುಸ್ತಕ ಕೊಟ್ಟ ಗ್ರಂಥಾಲಯಕ್ಕೆ ಫೋನ್ ಮಾಡಿದರು: "ತಡ ಆಗುತ್ತೆ ಸ್ವಾಮಿ. ನಾನೇ ಓದ್ತಾ ಇದೀನಿ. ನಾನು ಸ್ವಲ್ಪ ನಿಧಾನ."