ಮೇಲಿನ ಸಾಲಿನ ಕೊಟ್ರಮ್ಮ

ಕರೂರಿನ ಕೊಟ್ರಮ್ಮ ಒಮ್ಮೆ ವಿಧಾನಸಭೆ ಚುನಾವಣೆಗೆ ನಿಂತಿದ್ದಳು ಎಂದರೆ ಜನ ನಂಬುವುದಿಲ್ಲ. ನಿಂತು, ತನಗೆ ವೋಟು ಹಾಕಬೇಡಿ ಎಂದು ಊರೂರು ತಿರುಗಿದ್ದಳು ಎಂದರೆ ನಗುತ್ತಾರೆ. ಎರಡೂ ನಡೆದದ್ದೇ. ನಮ್ಮ ಮನೆ ಅವಳ ಮನೆಯ ಹಿಂದಿನ ಓಣಿಯಲ್ಲಿತ್ತು. ಇದನ್ನು ನಾನು ಅವಳ ಬಾಯಿಂದ ಕೇಳಿದ್ದೇನೆ, ಅವಳ ಜೊತೆ ತಿರುಗಿದ ಮೌಲಾಬಿಯ ಬಾಯಿಂದಲೂ ಕೇಳಿದ್ದೇನೆ.

ಕೊಟ್ರಮ್ಮನ ತವರು ಬಾದನಹಟ್ಟಿ. ಹುಲುಗಪ್ಪನನ್ನು ಮದುವೆಯಾಗಿ ಕರೂರಿಗೆ ಬಂದವಳು. ಗಂಡ ಹೆಂಡತಿ ಇಬ್ಬರೂ ಸಾಹುಕಾರ ಮರಿಬಸಪ್ಪನ ಗದ್ದೆಗಳಲ್ಲಿ ಕೂಲಿ ಮಾಡುತ್ತಿದ್ದರು. ಕಾಲುವೆ ನೀರಿನ ಊರು, ಎರಡು ಬೆಳೆ ಭತ್ತ, ಕೈಗೆ ಕೆಲಸ ತಪ್ಪುತ್ತಿರಲಿಲ್ಲ. ಕೆಸರಿನಲ್ಲಿ ಬಗ್ಗಿ ಸಸಿ ಹಚ್ಚುವ ಹೆಂಗಸರ ಸಾಲಿನಲ್ಲಿ ಮಾತು ನಿಲ್ಲದ ಹಾಗೆ ನೋಡಿಕೊಳ್ಳುವುದು ಕೊಟ್ರಮ್ಮನ ಪಾಲಿಗೆ ಬಂದಿತ್ತು. ಅವಳು ಬಾರದ ದಿನ ಗದ್ದೆ ಸಪ್ಪೆ ಎನ್ನುತ್ತಿದ್ದರು.

ಆ ಕಾಲಕ್ಕೆ ಕರೂರಿನ ಸುತ್ತಲ ಊರುಗಳಿಗೆಲ್ಲ ಒಬ್ಬಳೇ ಸರ್ಕಾರಿ ದಾದಿ. ಅವಳ ಹೆಸರೂ ಕೊಟ್ರಮ್ಮ. ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಎಲ್ಲರಿಗೂ ಅವಳು ನರ್ಸಮ್ಮ. ಎತ್ತರದ ಹೆಂಗಸು, ಮಾತು ಕಮ್ಮಿ, ಬೈದರೆ ಮಾತ್ರ ಗಂಡಸರೂ ಬಾಗಿಲ ಹೊರಗೆ ಹೋಗಿ ನಿಲ್ಲುತ್ತಿದ್ದರು. ಕೊಟ್ರಮ್ಮನ ಚೊಚ್ಚಲ ಹೆರಿಗೆಯಲ್ಲಿ ಕೂಸು ಅಡ್ಡ ಬಿದ್ದಿತ್ತು. ಮನೆಯವರು ಕೈಚೆಲ್ಲಿ ಕೂತಾಗ ನರ್ಸಮ್ಮ ಎತ್ತಿನ ಬಂಡಿಗೆ ಹುಲ್ಲು ಹಾಸಿಸಿ, ಅವಳನ್ನು ಮಲಗಿಸಿ, ತಾನೂ ಪಕ್ಕದಲ್ಲಿ ಮಂಡಿಯೂರಿ ಕೂತು ಸಿರುಗುಪ್ಪದ ಆಸ್ಪತ್ರೆಗೆ ಕರೆದೊಯ್ದಳು. ದಾರಿಯುದ್ದಕ್ಕೂ ಮಳೆ. ನರ್ಸಮ್ಮ ತನ್ನ ಸೀರೆಯ ಸೆರಗನ್ನು ಅವಳ ಮುಖದ ಮೇಲೆ ಹಿಡಿದುಕೊಂಡೇ ಇದ್ದಳಂತೆ. ತಾಯಿ ಉಳಿದಳು, ಮಗಳು ಸಾವಂತ್ರಮ್ಮನೂ ಉಳಿದಳು. ಆಮೇಲೆ ಎಷ್ಟೋ ವರ್ಷ ಕೊಟ್ರಮ್ಮ ಮೊದಲ ಭತ್ತ ಕುಟ್ಟಿದಾಗ ಒಂದು ಸೇರು ಅಕ್ಕಿ ನರ್ಸಮ್ಮನ ಮನೆಗೆ ಕೊಟ್ಟು ಬರುತ್ತಿದ್ದಳು. ನರ್ಸಮ್ಮ ಬೇಡ ಎಂದು ಬೈದು ಇಟ್ಟುಕೊಳ್ಳುತ್ತಿದ್ದಳು. ನೌಕರಿ ಮುಗಿದ ಮೇಲೆ ನರ್ಸಮ್ಮ ಸಿರುಗುಪ್ಪದಲ್ಲಿ ಮನೆ ಮಾಡಿದಳು. ಜನ ಮಾತ್ರ ಆಗಲೂ ಅವಳನ್ನು ಕರೂರು ನರ್ಸಮ್ಮ ಎಂದೇ ಅನ್ನುತ್ತಿದ್ದರು.

ಎಪ್ಪತ್ತೆರಡರ ಚುನಾವಣೆ ಬಂತು. ಮರಿಬಸಪ್ಪನ ಬೀಗರೊಬ್ಬರು ಕ್ಷೇತ್ರಕ್ಕೆ ನಿಂತಿದ್ದರು. ಅವರಿಗೆ ಎದುರಾಗಿ ಪಕ್ಷದ ಒಬ್ಬ ಅಭ್ಯರ್ಥಿಯೂ ಇದ್ದರು. ಇವರಿಬ್ಬರ ನಡುವೆ ನರ್ಸಮ್ಮ ಸ್ವತಂತ್ರವಾಗಿ ನಿಲ್ಲುತ್ತಾಳೆ ಎಂಬ ಸುದ್ದಿ ದೊಡ್ಡವರ ಕಿವಿಗೆ ಮೊದಲು ಬಿತ್ತು. ಹಳ್ಳಿಗಳಲ್ಲಿ ಹೆರಿಗೆಗೆ ಒಂದು ಕೋಣೆ, ನಾಲ್ಕು ಮಂಚ ಆಗಬೇಕು ಎಂದು ಆಕೆ ವರ್ಷಗಟ್ಟಲೆ ಕಚೇರಿಗಳಿಗೆ ಅಲೆದು ಸಾಕಾಗಿದ್ದಳು. ಅವಳ ಕೈಯಲ್ಲಿ ಹುಟ್ಟಿದ ಮಕ್ಕಳು ಪ್ರತಿ ಓಣಿಯಲ್ಲೂ ಇದ್ದವು. ಮರಿಬಸಪ್ಪನ ಮನೆಯಲ್ಲಿ ಲೆಕ್ಕಾಚಾರ ನಡೆಯಿತು.

ಸಾಹುಕಾರನ ವ್ಯವಹಾರ ನೋಡಿಕೊಳ್ಳುತ್ತಿದ್ದ ಎರ್ರಿಸ್ವಾಮಿ ಒಂದು ಬೆಳಿಗ್ಗೆ ಹುಲುಗಪ್ಪನ ಮನೆಗೆ ಬಂದು ಜಗಲಿಯ ಮೇಲೆ ಕೂತ. ಹೆಂಗಸರೂ ರಾಜ್ಯ ಆಳುವ ಕಾಲ ಇದು, ಕೂಲಿಯವರಿಂದಲೂ ಒಬ್ಬರು ನಿಲ್ಲಬೇಕು ಅಂತ ಸಾಹುಕಾರರ ಆಸೆ, ಖರ್ಚೆಲ್ಲ ಅವರದೇ, ಕೊಟ್ರಮ್ಮನ ಹೆಸರು ಅಚ್ಚಾಗಿ ಕ್ಷೇತ್ರದ ಪ್ರತಿಯೊಬ್ಬರ ಕೈಗೂ ಹೋಗುತ್ತದೆ ಎಂದ. ಹುಲುಗಪ್ಪ ಮಿಕಮಿಕ ನೋಡಿದ. ಕೊಟ್ರಮ್ಮನಿಗೆ ಒಳಗೊಳಗೇ ಹಿಗ್ಗು. ಯಾಕೆ ಹಿಗ್ಗಬಾರದು ಎಂದು ಅವಳು ನನ್ನನ್ನು ಕೇಳುತ್ತಿದ್ದಳು. ಅಷ್ಟು ದಿನ ಅವಳ ಹೆಸರನ್ನು ಕೂಗಿದ್ದು ಮೇಸ್ತ್ರಿ ಒಬ್ಬನೇ.

ಕೊನೆಯ ದಿನ ಬಳ್ಳಾರಿಗೆ ಕರೆದೊಯ್ದು ನಾಮಪತ್ರ ಹಾಕಿಸಿದರು. ಅವರು ಹೇಳಿದ ಹಾಗೆ ಪ್ರಮಾಣವನ್ನೂ ಮಾಡಿದಳು. ಆಮೇಲೆ ಊರಿಗೆ ಕಳಿಸಲಿಲ್ಲ. ಬ್ರೂಸ್‌ಪೇಟೆಯಲ್ಲಿ ಮರಿಬಸಪ್ಪನಿಗೆ ಬೇಕಾದ ಅಕ್ಕಿ ವ್ಯಾಪಾರಿಯೊಬ್ಬರ ಮನೆ ಇತ್ತು, ಅಲ್ಲಿ ಇರಿಸಿದರು. ಆ ಮನೆಯ ಹೆಂಗಸರು ಒಳ್ಳೆಯವರು, ಪೇಟೆ ತೋರಿಸಿದರು, ಹೊಸ ಸೀರೆ ಉಡಿಸಿದರು. ಊರಲ್ಲಿ ಏನು ಮಾತು ನಡೆದಿದೆ ಎಂಬುದು ಮಾತ್ರ ಅವಳ ಕಿವಿಗೆ ಬೀಳಲಿಲ್ಲ. ನಾಮಪತ್ರ ವಾಪಸು ತೆಗೆದುಕೊಳ್ಳುವ ವೇಳೆ ಮುಗಿದ ಮೇಲೆ ಎರ್ರಿಸ್ವಾಮಿ ಬಂದು, ಗುರುತು ಕೊಡುತ್ತಾರೆ ನಡಿ ಎಂದು ಕಚೇರಿಗೆ ಕರೆದುಕೊಂಡು ಹೋದ.

ಕಚೇರಿಯ ಬೆಂಚಿನ ಮೇಲೆ ನರ್ಸಮ್ಮ ಕೂತಿದ್ದಳು.

ಕೊಟ್ರಮ್ಮ ಮೊದಲು ಖುಷಿಯಿಂದ ಹತ್ತಿರ ಹೋದಳು, ನೀವು ಇಲ್ಲಿ ಯಾಕೆ ಬಂದೀರಿ ಎಂದು ಕೇಳಿದಳು. ನರ್ಸಮ್ಮ ಅವಳ ಹೊಸ ಸೀರೆ ನೋಡಿದಳು, ಹಿಂದೆ ನಿಂತ ಎರ್ರಿಸ್ವಾಮಿಯನ್ನು ನೋಡಿದಳು.

"ಇನ್ನೊಬ್ಬಾಕಿ ಕೊಟ್ರಮ್ಮ ಯಾರಂತ ನೋಡಾಕ ಕುಂತಿದ್ದೆ," ಎಂದಳು. "ನೀನೇನಮ್ಮಾ?"

ಒಂದೇ ಹೆಸರು ಇಟ್ಟುಕೊಂಡು ನರ್ಸಮ್ಮನ ಮತ ಒಡೆಯಲು ತನ್ನನ್ನು ನಿಲ್ಲಿಸಿದ್ದಾರೆ ಎಂದು ಆಗ ಕೊಟ್ರಮ್ಮನಿಗೆ ತಿಳಿಯಿತು. ನೇರ ಅಧಿಕಾರಿಯ ಮೇಜಿನ ಮುಂದೆ ಹೋಗಿ, ನನ್ನ ಹೆಸರು ತೆಗೆದುಬಿಡಿ ಎಂದು ಕೈಮುಗಿದಳು. ಅಧಿಕಾರಿ ತಾಳ್ಮೆಯ ಮನುಷ್ಯ. ವೇಳೆ ಮೀರಿದೆ, ಇನ್ನು ಅದು ಯಾರ ಕೈಯಲ್ಲೂ ಇಲ್ಲ, ಮತಪತ್ರದಲ್ಲಿ ನಿನ್ನ ಹೆಸರು ಬಂದೇ ಬರುತ್ತದೆ ಎಂದು ತಿಳಿಸಿ ಹೇಳಿದರು. ಗುರುತುಗಳನ್ನು ಕೊಟ್ಟರು. ನರ್ಸಮ್ಮನಿಗೆ ತಕ್ಕಡಿ, ಕೊಟ್ರಮ್ಮನಿಗೆ ಏಣಿ.

ಆಮೇಲೆ ಹೆಸರಿನ ಮಾತು ಬಂತು. ಮತಪತ್ರದಲ್ಲಿ ಹೆಸರುಗಳನ್ನು ಅಕ್ಷರಮಾಲೆಯ ಪ್ರಕಾರ ಜೋಡಿಸಬೇಕು, ಇಬ್ಬರ ಹೆಸರು ಒಂದೇ ಆದರೆ ಕೆಲಸವನ್ನೋ ಊರನ್ನೋ ಸೇರಿಸಿ ಬೇರೆ ಮಾಡಬೇಕು ಎಂದು ನಿಯಮ. ಎರ್ರಿಸ್ವಾಮಿ ಮುಂದೆ ಬಂದು, ಊರೇ ಸೇರಿಸಿ ಸ್ವಾಮಿ, ನಮ್ಮಾಕಿ ಕರೂರು ಕೊಟ್ರಮ್ಮ, ಅವರು ಸಿರುಗುಪ್ಪದ ಕೊಟ್ರಮ್ಮ ಎಂದ. ನರ್ಸಮ್ಮ ಎದ್ದು ನಿಂತಳು. ಕರೂರು ಎಂದರೆ ಜನ ತನ್ನನ್ನೇ ತಿಳಿಯುತ್ತಾರೆ, ತನ್ನ ಅರ್ಧ ಆಯುಷ್ಯ ಅಲ್ಲೇ ಕಳೆದಿದೆ ಎಂದಳು. ಅಧಿಕಾರಿ ಯೋಚಿಸಿ, ಹಾಗಾದರೆ ಕೆಲಸ ಸೇರಿಸೋಣ ಎಂದರು. ಇವಳ ಕೆಲಸ ಸಮಾಜಸೇವೆ ಎಂದು ಎರ್ರಿಸ್ವಾಮಿ ತಟ್ಟನೆ ಹೇಳಿದ.

ಅಧಿಕಾರಿ ಅವನ ಕಡೆ ನೋಡಲಿಲ್ಲ. "ನೀವು ಹೇಳಿ ತಾಯಿ. ನಿಮ್ಮ ಕೆಲಸ ಏನು?"

"ಗದ್ದಿಗೆ ಸಸಿ ಹಚ್ಚಾಕ ಹೋಗ್ತೀನ್ರಿ. ಕೂಲಿ," ಎಂದಳು ಕೊಟ್ರಮ್ಮ.

ಅಷ್ಟು ದೊಡ್ಡ ಅಧಿಕಾರಿ ತನ್ನನ್ನು ನೀವು ಎಂದದ್ದು, ತನ್ನ ಕೆಲಸವನ್ನು ತನ್ನನ್ನೇ ಕೇಳಿದ್ದು ಅವಳಿಗೆ ಕೊನೆಯವರೆಗೂ ನೆನಪಿತ್ತು. ಅವರ ಹೆಸರು ಗೊತ್ತಿರಲಿಲ್ಲ. ದೇವರಿಗೆ ದೀಪ ಹಚ್ಚುವಾಗ, ಆ ಪುಣ್ಯಾತ್ಮ ಎಲ್ಲಿದ್ದರೂ ಚೆನ್ನಾಗಿರಲಿ ಎಂದು ಸೇರಿಸಿಕೊಳ್ಳುತ್ತಿದ್ದಳು.

ಹೀಗೆ ಒಬ್ಬಳು ಕೊಟ್ರಮ್ಮ, ಕೃಷಿ ಕೂಲಿ ಎಂದಾದಳು. ಇನ್ನೊಬ್ಬಳು ಕೊಟ್ರಮ್ಮ, ನಿವೃತ್ತ ದಾದಿ. ಹೆಸರು ಒಂದೇ ಆದ್ದರಿಂದ ಪಕ್ಕದ ಮಾತಿನ ಅಕ್ಷರ ನೋಡಿದರು. ಕ ಮೊದಲು, ನ ಆಮೇಲೆ. ಕೂಲಿಯ ಕೊಟ್ರಮ್ಮ ಮೇಲಿನ ಸಾಲಿಗೆ ಬಂದಳು, ದಾದಿ ಕೆಳಗಿನ ಸಾಲಿಗೆ. ಎರ್ರಿಸ್ವಾಮಿಯ ಮುಖ ಮತ್ತೆ ಅರಳಿತು. ಓದು ಬಾರದವರು ಕೊಟ್ರಮ್ಮ ಎಲ್ಲಿ ಎಂದು ಯಾರನ್ನಾದರೂ ಕೇಳಿಕೊಂಡು ಬಂದರೆ, ಅವರ ಮುದ್ರೆ ಬೀಳುವುದು ಮೊದಲು ಸಿಕ್ಕ ಕೊಟ್ರಮ್ಮನ ಮೇಲೆಯೇ.

ಹೊರಗೆ ಮೆಟ್ಟಿಲ ಮೇಲೆ ಕೊಟ್ರಮ್ಮ ನರ್ಸಮ್ಮನ ಕಾಲು ಹಿಡಿಯಲು ಬಗ್ಗಿದಳು. ನರ್ಸಮ್ಮ ರಟ್ಟೆ ಹಿಡಿದು ಎಬ್ಬಿಸಿ, ನಿನ್ನ ತಪ್ಪೇನೂ ಇಲ್ಲ, ಸಾವಂತ್ರಿ ಸಾಲೆಗೆ ಹೋಗುತ್ತಾಳಾ ಎಂದು ಕೇಳಿದಳು. ಹೋಗುತ್ತಾಳೆ ಎಂದದ್ದಕ್ಕೆ, ಬಿಡಿಸಬೇಡ ಎಂದು ಹೇಳಿ ಬಸ್ಸಿಗೆ ಹೊರಟಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಬೈಯಲಿಲ್ಲವಲ್ಲ, ಅದಕ್ಕೇ ಕೂತಲ್ಲಿ ಕೂರಲಾಗಲಿಲ್ಲ ಎನ್ನುತ್ತಿದ್ದಳು ಕೊಟ್ರಮ್ಮ.

ಊರಿಗೆ ಬಂದವಳೇ ಹೊಸ ಸೀರೆ ಮಡಿಚಿ ಸಾಹುಕಾರನ ಮನೆಗೆ ಕಳಿಸಿ, ಮೌಲಾಬಿಯ ಬಾಗಿಲಿಗೆ ಹೋದಳು. ಮೌಲಾಬಿ ನಾಟಿಯ ಸಾಲಿನಲ್ಲಿ ಅವಳ ಪಕ್ಕದವಳು. ಅವಳ ಮೂರೂ ಮಕ್ಕಳು ನರ್ಸಮ್ಮನ ಕೈಯಲ್ಲೇ ಹುಟ್ಟಿದ್ದವು. ವಿಷಯ ಕೇಳಿ, ನಡಿ ಎಂದು ಚಪ್ಪಲಿ ಮೆಟ್ಟಿದಳು.

ಇಬ್ಬರೂ ಗದ್ದೆ ಗದ್ದೆಗೆ ಹೋದರು. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಬದುವಿನ ಮೇಲೆ ನಿಂತು, ಕೆಸರಿನಲ್ಲಿ ಕಡ್ಡಿಯಿಂದ ಗೀರಿ ತೋರಿಸುತ್ತಿದ್ದರು. ಕೊಟ್ರಮ್ಮ ಹೇಳುವುದು ಪ್ರತಿ ಸಲವೂ ಅಷ್ಟೇ. "ಮ್ಯಾಲಿನ ಸಾಲಿನ್ಯಾಗ ಏಣಿ ಐತಿ, ಆ ಕೊಟ್ರಮ್ಮ ನಾನು. ನನಗ ಹಾಕಬ್ಯಾಡ್ರಿ. ಅದರ ಕೆಳಗ ತಕ್ಕಡಿ ಐತಿ, ಅದು ನರ್ಸಮ್ಮಂದು. ಒಂದು ಸಾಲು ಕೆಳಗ ಇಳೀರಿ."

ಹೆಂಗಸರು ನಗುತ್ತಿದ್ದರು. ತಾನೇ ನಿಂತು ತನಗೇ ಬೇಡ ಅನ್ನುವವಳನ್ನು ಇದೇ ಮೊದಲು ನೋಡಿದ್ದು ಎನ್ನುತ್ತಿದ್ದರು. ನಗು ನಿಂತ ಮೇಲೆ ಒಬ್ಬೊಬ್ಬಳೇ ತನ್ನ ಹೆರಿಗೆಯ ಕಥೆ ತೆಗೆಯುತ್ತಿದ್ದಳು. ಕೆಲವು ಊರುಗಳಲ್ಲಿ ಬಸ್ಸಿನ ಕಂಡಕ್ಟರು ಇವರಿಂದ ಟಿಕೆಟ್ಟಿನ ಹಣವನ್ನೂ ಕೇಳಲಿಲ್ಲ. ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳಲ್ಲಿ ಮೌಲಾಬಿ ತೆಲುಗಿನಲ್ಲಿ ಹೇಳುತ್ತಿದ್ದಳು, ಕೊಟ್ರಮ್ಮ ಗೀರಿ ತೋರಿಸುತ್ತಿದ್ದಳು.

ಎರ್ರಿಸ್ವಾಮಿ ಒಂದು ಊರಿನ ಅಗಸೆ ಬಾಗಿಲಲ್ಲಿ ಅವಳನ್ನು ತಡೆದ. ಸಾಹುಕಾರರ ಅನ್ನ ತಿಂದು ಅವರಿಗೇ ಎರಡು ಬಗೆಯುತ್ತೀಯಾ ಎಂದು ಗದರಿದ. ನಾಲ್ಕು ಜನ ಸೇರಿದರು.

"ನಿಂದರ್ತೀನಿ ಅಂದಿದ್ದೆ, ನಿಂತೀನಿ," ಎಂದಳು ಕೊಟ್ರಮ್ಮ. "ವೋಟು ಕೇಳ್ತೀನಿ ಅಂತ ಯಾವಾಗ ಅಂದೀನ್ರಿ?"

ಮರುದಿನದಿಂದ ಗಂಡ ಹೆಂಡತಿ ಇಬ್ಬರಿಗೂ ಮರಿಬಸಪ್ಪನ ಗದ್ದೆಯಲ್ಲಿ ಕೆಲಸ ನಿಂತಿತು. ಹುಲುಗಪ್ಪ ಹೆಚ್ಚು ಮಾತಿನವನಲ್ಲ. ಮಗಳ ತಲೆ ಸವರಿ, ಇವಳು ಇದ್ದಾಳಲ್ಲ, ಅಷ್ಟು ಸಾಕು ಎಂದನಂತೆ.

ವೋಟಿನ ದಿನ ಕೊಟ್ರಮ್ಮ ಸಾಲೆಯ ಕೋಣೆಯೊಳಗೆ ಹೋಗಿ ಮರೆಯಲ್ಲಿ ಮತಪತ್ರ ಬಿಚ್ಚಿದಳು. ಓದು ಬಾರದಿದ್ದರೂ ತನ್ನ ಹೆಸರಿನ ಅಕ್ಷರಗಳ ಆಕಾರವನ್ನು ಸಾವಂತ್ರಿಯಿಂದ ಬರೆಸಿ ನೋಡಿಕೊಂಡಿದ್ದಳು. ಏಣಿಯ ಪಕ್ಕ ಅದು ಕಪ್ಪಗೆ, ಸ್ವಚ್ಛವಾಗಿ ಕೂತಿತ್ತು. ಅದರ ಮೇಲೆ ಒಮ್ಮೆ ಬೆರಳಾಡಿಸಿದಳು. ಒಂದು ಗಳಿಗೆ ಅಲ್ಲೇ ಮುದ್ರೆ ಒತ್ತಿಬಿಡಲೇ ಎನಿಸಿತಂತೆ, ಮುಚ್ಚಿಡದೆ ಹೇಳುತ್ತಿದ್ದಳು. ಆಮೇಲೆ ಕೈ ತಾನಾಗಿಯೇ ಕೆಳಗಿನ ಸಾಲಿಗೆ ಇಳಿಯಿತು.

ನರ್ಸಮ್ಮ ಗೆಲ್ಲಲಿಲ್ಲ. ಪಕ್ಷದ ಅಭ್ಯರ್ಥಿ ಗೆದ್ದರು, ಆಕೆ ಎರಡನೆಯವಳಾದಳು, ಮರಿಬಸಪ್ಪನ ಬೀಗರು ಅವಳ ಹಿಂದೆ ಉಳಿದರು. ಏಣಿಗೂ ಒಂದಿಷ್ಟು ಮತ ಬಿದ್ದಿದ್ದವು. ಬಿಸಿಲಲ್ಲಿ ಅಷ್ಟು ತಿರುಗಿದಳಲ್ಲ ಪಾಪ, ಒಂದಾದರೂ ಇರಲಿ ಎಂದು ಬೇಕೆಂದೇ ಹಾಕಿದ್ದೆವು ಅಂತ ಆಮೇಲೆ ಕೆಲವು ಹೆಂಗಸರು ಒಪ್ಪಿಕೊಂಡರು. ಇದನ್ನು ಕೇಳಿ ನರ್ಸಮ್ಮ ಕಣ್ಣಲ್ಲಿ ನೀರು ಬರುವಂತೆ ನಕ್ಕಳಂತೆ. ಅವಳು ಹಾಗೆ ನಕ್ಕಿದ್ದನ್ನು ಅದುವರೆಗೆ ಯಾರೂ ನೋಡಿರಲಿಲ್ಲ.

ಕೆಲಸವಿಲ್ಲದೆ ಕೊಟ್ರಮ್ಮ ಬಾದನಹಟ್ಟಿಗೆ ಹೋಗಿ ಒಂದು ಬೆಳೆ ತವರಿನಲ್ಲಿ ಕಳೆದಳು. ಅಣ್ಣನ ಹೆಂಡತಿ ಪಾರಮ್ಮ ಒಂದು ದಿನವೂ ಮುಖ ಗಂಟಿಕ್ಕಲಿಲ್ಲ. ಹುಲುಗಪ್ಪ ಕುರುಗೋಡಿನ ಕಡೆ ಕಲ್ಲು ಹೊರುವ ಕೆಲಸ ಹಿಡಿದ. ಗೆದ್ದವರಿಗೆ ಒಂದು ಮಾತು ಅರ್ಥವಾಗಿತ್ತು: ಹಣ ಚೆಲ್ಲದ ಒಬ್ಬ ಮುದುಕಿಗೆ ಇಷ್ಟು ಮತ ಬಿದ್ದಿದೆ ಎಂದರೆ ಆ ಹೆಂಗಸರ ಮಾತು ಕೇಳದೆ ಇರುವ ಹಾಗಿಲ್ಲ. ಕರೂರಿನ ಔಷಧಾಲಯದ ಪಕ್ಕ ಹೆರಿಗೆ ಕೋಣೆ ಎದ್ದಿತು. ಹೊಸ ದಾದಿಗೆ ಕೈ ಕೆಳಗೆ ಒಬ್ಬ ಆಯಾ ಬೇಕಾದಾಗ ನರ್ಸಮ್ಮ ತಾನೇ ಕಚೇರಿಗೆ ಹೋಗಿ ಹೇಳಿ, ಬಾದನಹಟ್ಟಿಗೆ ಬಸ್ಸಿನಲ್ಲಿ ಬಂದು ಕೊಟ್ರಮ್ಮನನ್ನು ಕರೆದುಕೊಂಡು ಹೋದಳು.

ಆ ಕೋಣೆಯಲ್ಲಿ ಕೊಟ್ರಮ್ಮ ಎಂಬತ್ತರ ದಶಕದ ಕೊನೆಯವರೆಗೂ ದುಡಿದಳು. ಮರಿಬಸಪ್ಪನ ಸೊಸೆ ಹೆರಿಗೆಗೆ ಬಂದದ್ದೂ ಅಲ್ಲಿಗೇ. ಆ ಹುಡುಗಿ ನೋವಿನಲ್ಲಿ ಕೊಟ್ರಮ್ಮನ ಮುಂಗೈಗೆ ಉಗುರು ಊರಿ ಹಿಡಿದುಕೊಂಡಳು, ಕೂಸು ಅತ್ತ ಮೇಲೆಯೇ ಬಿಟ್ಟಳು. ಸಾಹುಕಾರ ಹೊರಗಿನ ಕಟ್ಟೆಯ ಮೇಲೆ ಕೂತಿದ್ದ. ಕೊಟ್ರಮ್ಮ ಮೊಮ್ಮಗನನ್ನು ತಂದು ಅವನ ಮಡಿಲಿಗೆ ಇಟ್ಟಾಗ, ಬಿಸಿಲು ಐತಿ, ಒಳಗ ಕರ್ಕೊಂಡು ಹೋಗಮ್ಮಾ ಎಂದಷ್ಟೇ ಹೇಳಿದ. ಅದು ಸಾಕಾಯಿತು ಎನ್ನುತ್ತಿದ್ದಳು ಕೊಟ್ರಮ್ಮ.

ನಾನು ಹುಟ್ಟಿದ್ದೂ ಆ ಕೋಣೆಯಲ್ಲೇ. ನನಗೆ ಮೊದಲ ನೀರು ಹಾಕಿದವಳು ಅವಳು. ಇದನ್ನೆಲ್ಲ ಅವಳು ದುಃಖದಿಂದ ಹೇಳಿದ್ದು ನನಗೆ ನೆನಪಿಲ್ಲ. ಕೈ ತೊಳೆದುಕೊಳ್ಳುತ್ತ, ಯಾರದೋ ಒದ್ದೆ ಬಟ್ಟೆ ಹರವುತ್ತ, ಎಲ್ಲ ಒಳ್ಳೆಯವರೇ ಸಿಕ್ಕರು ನೋಡು ಎಂದು ಹೇಳುತ್ತಿದ್ದಳು.